ಆರ್ಯಭಟನ ದೋಣಿ, ಗೆಲಿಲಿಯೊನ ಹಡಗು

ಓದುಗರ ಪತ್ರ: "ಚಲನೆ ಕುರಿತ ನಿಮ್ಮ ಕಳೆದ ತಿಂಗಳ ಲೇಖನದಲ್ಲಿ ಗೆಲಿಲಿಯೊನ ಹಡಗಿಗೆ ಎರಡು ಪುಟ ಕೊಟ್ಟಿದ್ದೀರಿ. ಸಾವಿರದ ನೂರು ವರ್ಷ ಮೊದಲೇ ಆರ್ಯಭಟ ದೋಣಿಯ ಉದಾಹರಣೆ ಕೊಟ್ಟು ಇದನ್ನೇ ಹೇಳಿದ್ದ. ನಮ್ಮವರೇ ಅವನ ಮಾತು ಯಾಕೆ ಒಪ್ಪಲಿಲ್ಲ? ಇನ್ನೊಂದು ಪ್ರಶ್ನೆ: ಎತ್ತರದ ಗೋಪುರದಿಂದ ಕಲ್ಲು ಬಿಟ್ಟರೆ ಅದು ನಿಜಕ್ಕೂ ನೇರ ಬುಡಕ್ಕೇ ಬೀಳುತ್ತದಾ?"
– ಒಬ್ಬ ಓದುಗರು, ಶಿರಸಿ

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ದೋಣಿಯೇ ಬೇರೆ, ಈ ಹಡಗೇ ಬೇರೆ.

ನೀವು ಹೇಳುವ ಶ್ಲೋಕ ಅವನ ಗ್ರಂಥ ಆರ್ಯಭಟೀಯದ ಗೋಲಪಾದ ಅನ್ನುವ ಭಾಗದಲ್ಲಿದೆ. ಕಾಲ ಕ್ರಿ.ಶ. 499ರ ಸುಮಾರು. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದಲ್ಲಿ ನಿಂತಿರುವುದೆಲ್ಲ ಹಿಂದಕ್ಕೆ ಓಡಿದಂತೆ ಕಾಣುತ್ತದೆ. ಹಾಗೆಯೇ, ಭೂಮಿ ತಿರುಗುವುದರಿಂದ ಲಂಕೆಯಲ್ಲಿರುವವನಿಗೆ, ಅಲುಗಾಡದ ನಕ್ಷತ್ರಗಳು ನೇರ ಪಶ್ಚಿಮಕ್ಕೆ ಸಾಗಿದಂತೆ ಕಾಣುತ್ತವೆ. (ಈ ಲಂಕೆ ನಮ್ಮ ಹಳೆಯ ಖಗೋಳಜ್ಞರು ಭೂಮಧ್ಯರೇಖೆಯ ಮೇಲೆ ಗುರುತು ಮಾಡಿಕೊಂಡ ಜಾಗ. ಸುಮ್ನೆ ರಾವಣನನ್ನು ಎಳೆದು ತರುವುದು ಬೇಡ.) ಭೂಮಿ ತಿರುಗುವ ವೇಗಕ್ಕೂ ಅವನು ಲೆಕ್ಕ ಕೊಟ್ಟಿದ್ದಾನೆ. ಒಂದು ಪ್ರಾಣಕ್ಕೆ, ಅಂದರೆ ಒಂದು ಉಸಿರಿಗೆ ಹಿಡಿಯುವ ಸುಮಾರು 4 ಸೆಕೆಂಡಿಗೆ, ಒಂದು ಕಲೆ, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. ದಿನಕ್ಕೆ 21,600 ಪ್ರಾಣ, ವೃತ್ತಕ್ಕೆ 21,600 ಕಲೆ. ಎಷ್ಟು ಅಚ್ಚುಕಟ್ಟು, ಅಲ್ವಾ?

ಆದರೆ ಈ ದೋಣಿ ಹೇಳುವುದು ಕಣ್ಣಿಗೆ ಏನು ಕಾಣುತ್ತದೆ ಅನ್ನುವುದನ್ನು ಮಾತ್ರ. ದೋಣಿಯಿಂದ ಮೇಲಕ್ಕೆ ಎಸೆದದ್ದು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಮುಂದಿನ ತಲೆಮಾರುಗಳು ಹಿಡಿದದ್ದು ಇದನ್ನೇ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗ ಮತ್ತೆ ತನ್ನ ಗೂಡು ಸೇರುವುದು ಹೇಗೆ ಅಂತ ವರಾಹಮಿಹಿರ ಕೇಳಿದ. ತಿರುಗಿದರೆ ಎತ್ತರದಲ್ಲಿರುವವೆಲ್ಲ ಯಾಕೆ ಉರುಳಿ ಬೀಳುವುದಿಲ್ಲ ಅಂತ ಬ್ರಹ್ಮಗುಪ್ತ 628ರಲ್ಲಿ ಕೇಳಿದ. ಅದಕ್ಕೂ ಎಷ್ಟೋ ಮೊದಲು, ಎರಡನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯಾದ ಖಗೋಳಜ್ಞ ಟಾಲೆಮಿ ಮೋಡಗಳನ್ನು ತೋರಿಸಿ ಹೆಚ್ಚುಕಡಿಮೆ ಇದೇ ತಕರಾರು ತೆಗೆದಿದ್ದ.

ಇವರನ್ನು ಹಠಮಾರಿಗಳು ಅಂತ ನಾನು ಕರೆಯುವುದಿಲ್ಲ. ನಿಮ್ಮ ಶಿರಸಿಯ ನೆಲವೇ ಸೆಕೆಂಡಿಗೆ ಸುಮಾರು 450 ಮೀಟರ್ ಪೂರ್ವಕ್ಕೆ ಓಡುತ್ತಿದೆ. 20 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ಬೀಳಲು 2 ಸೆಕೆಂಡು ಬೇಕು. ಅಷ್ಟರಲ್ಲಿ ಮರ 900 ಮೀಟರ್ ಮುಂದೆ ಹೋಗಿರಬೇಕು. ಕಾಯಿ ಬೀಳಬೇಕಾದ್ದು ಪಕ್ಕದ ಊರಿನವರ ತೋಟದಲ್ಲಿ! ಆದರೆ ಅದು ಬುಡಕ್ಕೇ ಬೀಳುತ್ತದೆ. ಹಾಗಾದರೆ ಭೂಮಿ ನಿಂತಿದೆ. ಆ ಕಾಲಕ್ಕೆ ಇದು ಗಟ್ಟಿ ವಾದವೇ.

ಈ ವಾದ ಮುರಿಯಲು ಚಲನೆ ಅಂದರೇನು ಅನ್ನುವುದನ್ನೇ ಬೇರೆ ಥರ ಯೋಚಿಸಬೇಕಿತ್ತು. 1632ರ ಪುಸ್ತಕದಲ್ಲಿ ಗೆಲಿಲಿಯೊ ಅದನ್ನು ಮಾಡಿದ. ಅವನು ನಮ್ಮನ್ನು ಕೂರಿಸುವುದು ದಡ ಕಾಣುವ ಜಾಗದಲ್ಲಲ್ಲ, ಹಡಗಿನ ಒಳಗೆ, ಮುಚ್ಚಿದ ಕೋಣೆಯಲ್ಲಿ. ಅಲ್ಲಿ ಚಿಟ್ಟೆಗಳು ಹಾರುತ್ತಿವೆ, ಬೋಗುಣಿಯಲ್ಲಿ ಮೀನುಗಳಿವೆ, ತೂಗುಹಾಕಿದ ಬಾಟಲಿಯಿಂದ ಕೆಳಗಿನ ಪಾತ್ರೆಗೆ ಹನಿ ತೊಟ್ಟಿಕ್ಕುತ್ತಿದೆ. ಹಡಗು ಕುಲುಕದೆ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಹನಿ ಅದೇ ಪಾತ್ರೆಗೆ ಬೀಳುತ್ತದೆ. ಚಿಟ್ಟೆಗಳು ಹಿಂದಿನ ಗೋಡೆಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಹಡಗು ನಿಂತಿದೆಯೋ ಹೋಗುತ್ತಿದೆಯೋ ಅಂತ ಒಳಗೆ ಕೂತವರಿಗೆ ಗೊತ್ತಾಗುವುದೇ ಇಲ್ಲ. ಯಾಕೆಂದರೆ ಹಡಗಿನ ವೇಗ ಹನಿಗೂ ಇದೆ, ಚಿಟ್ಟೆಗೂ ಇದೆ. ಬಾಟಲಿ ಬಿಟ್ಟ ಕ್ಷಣಕ್ಕೆ ಹನಿ ಅದನ್ನು ಕಳೆದುಕೊಳ್ಳುವುದಿಲ್ಲ. ಗಿಡುಗದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಆ ಎರಡು ಪುಟ ಹೋದದ್ದೂ ಇದಕ್ಕೇ.

ಬರೀ ಬಾಯಿಮಾತು ಅನ್ನುವವರಿಗಾಗಿ 1640ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಗಸೆಂಡಿ ಅಲ್ಲಿನ ಮಾರ್ಸೇಲ್ಸ್ ಬಂದರಿನ ಬಳಿ ಹುಟ್ಟು ಹಾಕಿ ಓಡಿಸುವ ಹಡಗೊಂದರ ಕೂವೆಮರದಿಂದ ಕಲ್ಲು ಬಿಡಿಸಿ ತೋರಿಸಿದ. ಕಲ್ಲು ಕೂವೆಮರದ ಬುಡಕ್ಕೇ ಬಿತ್ತು. 1905ರಲ್ಲಿ ಐನ್‌ಸ್ಟೈನ್ ಬೆಳಕನ್ನೂ ಇದೇ ಕೋಣೆಯೊಳಗೆ ತಂದ, ಆಗ ಕಾಲದ ಲೆಕ್ಕವೇ ಬದಲಾಯಿತು. ಅದು ಬೇರೆ ದೊಡ್ಡ ಕಥೆ.

ಇನ್ನು ನಿಮ್ಮ ಗೋಪುರದ ಕಲ್ಲು. ಇಲ್ಲ, ಅದು ಸರಿಯಾಗಿ ಬುಡಕ್ಕೇ ಬೀಳುವುದಿಲ್ಲ! ಗೋಪುರದ ತುದಿ ಭೂಮಿಯ ಅಕ್ಷದಿಂದ ಬುಡಕ್ಕಿಂತ ಸ್ವಲ್ಪ ದೂರ ಇರುತ್ತದೆ, ಹಾಗಾಗಿ ಅದರ ವೇಗವೂ ಒಂಚೂರು ಜಾಸ್ತಿ. ಆ ಹೆಚ್ಚಿನ ವೇಗ ಹೊತ್ತುಕೊಂಡೇ ಕಲ್ಲು ಕೆಳಗೆ ಬರುತ್ತದೆ. ಹಳಬರು ಪಶ್ಚಿಮಕ್ಕೆ ಬೀಳಬೇಕು ಅಂದಿದ್ದರು, ಬೀಳುವುದು ಪೂರ್ವಕ್ಕೆ. 1679ರಲ್ಲಿ ನ್ಯೂಟನ್ ಇಂಗ್ಲೆಂಡಿನ ಇನ್ನೊಬ್ಬ ವಿಜ್ಞಾನಿ ಹುಕ್‌ಗೆ ಬರೆದ ಪತ್ರದಲ್ಲಿ ಇದನ್ನು ಸೂಚಿಸಿದ್ದ. 1791ರಲ್ಲಿ ಇಟಲಿಯ ವಿಜ್ಞಾನಿ ಗುಗ್ಲಿಯೆಲ್ಮಿನಿ ಅಲ್ಲಿನ ಬೊಲೋನಾ ನಗರದ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬಿಟ್ಟು ಅಳೆಯಲು ಹೊರಟ. ನಮ್ಮ ಕಡೆ 100 ಮೀಟರ್ ಎತ್ತರದಿಂದ ಬಿಟ್ಟರೆ ವ್ಯತ್ಯಾಸ ಸುಮಾರು 2 ಸೆಂಟಿಮೀಟರ್. ನೀವೇ ಪರೀಕ್ಷೆ ಮಾಡುವುದಾದರೆ ಗಾಳಿ ಬೀಸದ ದಿನ ನೋಡಿಕೊಳ್ಳಿ. ಇಲ್ಲದಿದ್ದರೆ ಭೂಮಿಗಿಂತ ಗಾಳಿಯೇ ಜಾಸ್ತಿ ತಳ್ಳುತ್ತದೆ.