ಆ ಕುಳ್ಳ ಓಕ್ ಯಾವುದು? ಎಲೆ ತಿರುಗಿಸಿ ನೋಡಿ

ಪ್ರಶ್ನೆ: ನ್ಯೂಜೆರ್ಸಿಯ ಪೈನ್ ಬ್ಯಾರನ್ಸ್ ಕಾಡಿಗೆ ಆಗಾಗ ಹೋಗುತ್ತಿರುತ್ತೇವೆ. ಬರೀ ಮರಳು ನೆಲ. ಪೈನ್ ಮರಗಳ ಕೆಳಗೆ ಆಳೆತ್ತರದ ಓಕ್. ಎಲೆ ದಪ್ಪ, ತುದಿಯಲ್ಲಿ ಅಗಲ, ಹಿಂಬದಿ ಕಂದು. ಗೆಳೆಯರು ಸ್ಕ್ರಬ್ ಓಕ್ ಅಂತಾರೆ, ಮೊಬೈಲ್ ಆ್ಯಪ್ ಬ್ಲ್ಯಾಕ್‌ಜ್ಯಾಕ್ ಅನ್ನುತ್ತದೆ. ಯಾವುದು ಸರಿ? ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಇದಕ್ಕೆ ನೆಂಟನೇ?

ಉತ್ತರ: ಈ ಸಲ ಆ್ಯಪ್ ಗೆದ್ದಿದೆ. ನೀವು ಹೇಳಿದ ಲಕ್ಷಣಗಳೆಲ್ಲ ಬ್ಲ್ಯಾಕ್‌ಜ್ಯಾಕ್ ಓಕ್‌ನವು, ಅಂದರೆ ಕ್ವೆರ್ಕಸ್ ಮ್ಯಾರಿಲ್ಯಾಂಡಿಕಾ.

ನಿಮ್ಮ ಗೆಳೆಯರು ಬಹುಶಃ ಎತ್ತರ ನೋಡಿ ಹೇಳಿರಬೇಕು. ಆ ಕಾಡಿನಲ್ಲಿ ಎತ್ತರವನ್ನು ನಂಬಲೇಬಾರದು. ಬೇರೆ ಕಡೆ 10 ಮೀಟರ್ ದಾಟುವ ಬ್ಲ್ಯಾಕ್‌ಜ್ಯಾಕ್, ಮತ್ತೆ ಮತ್ತೆ ಕಾಡ್ಗಿಚ್ಚು ಬೀಳುವ ಮರಳು ನೆಲದಲ್ಲಿ ಪೊದೆಯಾಗಿಯೇ ಉಳಿದುಬಿಡುತ್ತದೆ. ಮೇಲಿನದೆಲ್ಲ ಸುಟ್ಟರೂ ಬುಡದಿಂದ ಚಿಗುರುತ್ತದೆ. ಸ್ಕ್ರಬ್ ಓಕ್ ಕೂಡ ಹಾಗೇ.

ಹಾಗಾಗಿ ಎಲೆ ನೋಡಿ. ಅದೂ ಬುಡದ ಹೊಸ ಚಿಗುರಿನದ್ದಲ್ಲ, ಬಿಸಿಲು ಬೀಳುವ ಮೇಲಿನ ಕೊಂಬೆಯದ್ದು. ಬ್ಲ್ಯಾಕ್‌ಜ್ಯಾಕ್ ಎಲೆ ಬಾತುಕೋಳಿ ಪಾದದ ಹಾಗೆ, ತೊಟ್ಟಿನ ಕಡೆ ಸಪೂರ, ತುದಿಯಲ್ಲಿ ಅಗಲ. ಸೀಳು ಆಳವಾಗಿರುವುದಿಲ್ಲ. ತಿರುಗಿಸಿದರೆ ತುಕ್ಕು ಬಣ್ಣದ ರೋಮ. ಸ್ಕ್ರಬ್ ಓಕ್‌ನ ಎಲೆ ಚಿಕ್ಕದು, ಸಾಮಾನ್ಯವಾಗಿ ಐದು ಮೂಲೆ, ಹಿಂಬದಿ ಬೂದಿ ಬಿಳುಪು. ಗಾಳಿ ಬೀಸಿದಾಗ ದೂರದಿಂದಲೇ ಈ ಬಿಳುಪು ಕಾಣುತ್ತದೆ.

ಕಾಯಿಗೆ ಕಾಯುವುದು ಬೇಡ. ಎರಡರಲ್ಲೂ ಅದು ಬಲಿಯಲು ಎರಡು ವರ್ಷ ಬೇಕು. ಚಳಿಗಾಲದಲ್ಲಿ ಹೋದರೆ ಕೊಂಬೆ ತುದಿಯ ಚಿಗುರುಮೊಗ್ಗು ಮುಟ್ಟಿ ನೋಡಿ. ಬ್ಲ್ಯಾಕ್‌ಜ್ಯಾಕ್‌ನದ್ದು 5ರಿಂದ 10 ಮಿಲಿಮೀಟರ್, ಬೆರಳಿಗೆ ಏಣುಗಳು ಸಿಗುತ್ತವೆ, ಮೈಯೆಲ್ಲ ರೋಮ. ಸ್ಕ್ರಬ್ ಓಕ್‌ನದ್ದು ಅದರ ಅರ್ಧದಷ್ಟೂ ಇರುವುದು ಕಷ್ಟ, ಹೆಚ್ಚುಕಡಿಮೆ ನುಣ್ಣಗೆ.

ಒಂದು ತಕರಾರು ಮಾತ್ರ ಇದೆ. ಇವೆರಡೂ ಅಕ್ಕಪಕ್ಕ ಬೆಳೆದ ಕಡೆ ಮಿಶ್ರತಳಿಯೂ ಹುಟ್ಟುತ್ತದೆ, ಕ್ವೆರ್ಕಸ್ ಬ್ರಿಟೋನಿಯೈ ಅಂತ. ಎಲೆ ಒಂದರಂತೆ, ಮೊಗ್ಗು ಇನ್ನೊಂದರಂತೆ ಕಂಡರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಎರಡರ ಫೋಟೊನೂ ಕಳಿಸಿ.

ಇನ್ನು ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಗ್ರೆವಿಲಿಯ ರೊಬಸ್ಟಾ. ಓಕ್‌ಗೆ ನೆಂಟನಲ್ಲ, ಕುಟುಂಬವೇ ಬೇರೆ.