ನಂದಿ ಬೆಟ್ಟ ಹತ್ತುವವರು ಆಲ್ಪ್ಸ್‌ನ ಪಾಸ್‌ಗಳನ್ನು ಸೈಕಲ್‌ನಲ್ಲಿ ಹತ್ತಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಬೆಂಗಳೂರಿನಿಂದ ವಾರಕ್ಕೊಮ್ಮೆ ನಂದಿಗೆ ಸೈಕಲ್ ಹೊಡೆಯುತ್ತೀರಿ. ಮುಂದಿನ ಜುಲೈನಲ್ಲಿ ಒಂದು ವಾರ ಆಲ್ಪ್ಸ್‌ಗೆ ಹೋಗಿ ಸ್ಟೆಲ್ವಿಯೊ, ಫುರ್ಕಾ ಥರದ ಪಾಸ್‌ಗಳನ್ನು, ಅಂದರೆ ಬೆಟ್ಟಸಾಲು ದಾಟುವ ರಸ್ತೆಗಳನ್ನು, ರೋಡ್ ಬೈಕ್‌ನಲ್ಲಿ ಹತ್ತುವ ಆಸೆ. ಆಗುತ್ತಾ, ಹೇಗೆ ತಯಾರಾಗಬೇಕು? ಸೈಕಲ್ ತುಳಿಯದ ಹೆಂಡತಿಯೂ ಜೊತೆಗೆ ಬರುತ್ತಾರೆ, ಅವರೇನು ಮಾಡಬೇಕು?

ಆಗುತ್ತದೆ, ಅನುಮಾನ ಬೇಡ. ನಂದಿ ಹತ್ತುವ ಕಾಲಿಗೆ ಇಲ್ಲಿನ ಏರು ಹೊಸದೇನಲ್ಲ. ಹೊಸದು ಅಂದರೆ ಉದ್ದ. ಗೇರು, ಊಟ, ಬಟ್ಟೆ, ಬ್ರೇಕು ಎಲ್ಲವನ್ನೂ ಆ ಉದ್ದಕ್ಕೆ ತಕ್ಕಂತೆ ಯೋಚಿಸಬೇಕು. ನಾನು ಕೆಲಸದ ಮೇಲೆ ಸ್ವಿಟ್ಜರ್ಲೆಂಡಿನಲ್ಲಿದ್ದೇನೆ. ಬೇಸಿಗೆ ಬಂತೆಂದರೆ ರಜಾದಿನಗಳೆಲ್ಲ ಈ ರಸ್ತೆಗಳಲ್ಲೇ. ಅದಕ್ಕೂ ಮೊದಲು ನಾನೂ ನಂದಿ ಗಿರಾಕಿಯೇ.

ಆಲ್ಪ್ಸ್ ಅಂದರೆ ಗೋಡೆಯಂಥ ಏರು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಹಳೆಯ ಪಾಸ್ ರಸ್ತೆಗಳೆಲ್ಲ ಮೋಟಾರು ಬರುವ ಮೊದಲೇ ಆದವು. ಸ್ಟೆಲ್ವಿಯೊ ರಸ್ತೆಯನ್ನು 1820ರಿಂದ 1825ರ ನಡುವೆ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಕಟ್ಟಿಸಿದ. ಆಗ ಉತ್ತರ ಇಟಲಿಯ ಲೊಂಬಾರ್ಡಿ ಆಸ್ಟ್ರಿಯಾದ ಕೈಯಲ್ಲಿತ್ತು. ಬೆಟ್ಟದ ಆಚೆಗಿನ ಆ ಸೀಮೆಗೆ ಅವರಿಗೊಂದು ನೇರ ದಾರಿ ಬೇಕಿತ್ತು. ಕುದುರೆ ಗಾಡಿಯೂ ಫಿರಂಗಿಯೂ ಹೋಗಬೇಕು ಅಂದಮೇಲೆ ರಸ್ತೆ ಸಿಕ್ಕಾಪಟ್ಟೆ ಕಡಿದಾಗಿರಲು ಆಗುವುದಿಲ್ಲ. ಅದಕ್ಕೇ ಅಷ್ಟೊಂದು ಹೇರ್‌ಪಿನ್ ತಿರುವುಗಳು. ಬುಡದ ಪ್ರಾಟೊ ಊರಿನ ಕಡೆಯಿಂದ ಹತ್ತಿದರೆ 48 ತಿರುವು, 24 ಕಿಲೋಮೀಟರ್, ಸುಮಾರು 1800 ಮೀಟರ್ ಏರು. ಸರಾಸರಿ 7.4%, ಅಂದರೆ ನೂರು ಮೀಟರ್ ಮುಂದೆ ಹೋದರೆ 7.4 ಮೀಟರ್ ಏರು. ನೀವು ನೀಲಗಿರಿಯ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿದ್ದರೆ, ಅದು ಇದಕ್ಕಿಂತ ಕಡಿದು.

ಈಗ ನಂದಿಯ ಲೆಕ್ಕ ಹಾಕಿ. ಬುಡದಿಂದ ಸುಮಾರು 8 ಕಿಲೋಮೀಟರ್, 450 ಮೀಟರ್ ಆಸುಪಾಸು. ಅಂದರೆ ಸ್ಟೆಲ್ವಿಯೊ ಹತ್ತುವುದು ನಾಲ್ಕು ನಂದಿಯನ್ನು ಒಂದರ ಮೇಲೊಂದು ಇಟ್ಟು, ನಡುವೆ ಒಂದು ಸಲವೂ ಇಳಿಯದೆ ಹತ್ತಿದಂತೆ. ಈ 'ಇಳಿಯದೆ' ಅನ್ನುವುದೇ ಮುಖ್ಯ. ನಂದಿಯನ್ನು ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಅಭ್ಯಾಸ ಮಾಡುವವರಿದ್ದಾರೆ. ಒಳ್ಳೆಯದೇ. ಆದರೆ ಪ್ರತಿ ಸಲ ಇಳಿಯುವಾಗ ಕಾಲಿಗೂ ಸೊಂಟಕ್ಕೂ ರಜೆ ಸಿಕ್ಕಿಬಿಡುತ್ತದೆ. ಇಲ್ಲಿ ಆ ರಜೆ ಇಲ್ಲ. ಅದಕ್ಕಿಂತ ಮೆಟ್ಟುಪಾಳ್ಯದಿಂದ ಊಟಿಗೆ ಒಂದು ಸಲ ಹೋಗಿ ಬನ್ನಿ. ಮುನ್ನೂರು ಚಿಲ್ಲರೆ ಮೀಟರ್ ಎತ್ತರದಿಂದ 2240 ಮೀಟರ್‌ಗೆ ಹತ್ತುತ್ತೀರಿ. ಏರು ನಿಧಾನ, ಆದರೆ ಒಟ್ಟು ಎತ್ತರ ಹೆಚ್ಚುಕಡಿಮೆ ಸ್ಟೆಲ್ವಿಯೊದಷ್ಟೇ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯೂ ಆಗಬಹುದು. ಅಷ್ಟು ದೂರ ಹೋಗಲು ಬಿಡುವಿಲ್ಲವೆಂದರೆ ಮನೆಯಲ್ಲೇ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಎರಡು ಗಂಟೆ, ಒಂದೇ ವೇಗ, ಕಾಲು ನಿಲ್ಲಿಸದೆ. ಬೋರು ಹೊಡೆಯುತ್ತದೆ. ಆದರೆ ಇಲ್ಲಿ ಬಂದಾಗ ಅದೇ ಕೆಲಸಕ್ಕೆ ಬರುತ್ತದೆ.

ಗೇರಿನ ವಿಷಯದಲ್ಲಿ ಮರ್ಯಾದೆ ನೋಡಬೇಡಿ. ನೀವು, ಸೈಕಲ್, ನೀರು ಎಲ್ಲ ಸೇರಿ 85 ಕೆಜಿ ಅಂದುಕೊಳ್ಳಿ. ಗಂಟೆಗೆ 600 ಮೀಟರ್ ಎತ್ತರ ಏರಬೇಕೆಂದರೆ ಸುಮಾರು 150 ವಾಟ್ ಬೇಕು. ಅದರಲ್ಲಿ 140 ಬರೀ ಗುರುತ್ವಕ್ಕೇ ಹೋಗುತ್ತದೆ. ನಿಮ್ಮಂಥವರಿಗೆ ಅಷ್ಟು ಆಗಬೇಕು. ಆ ಲೆಕ್ಕದಲ್ಲಿ ಸ್ಟೆಲ್ವಿಯೊಗೆ ಮೂರು ಗಂಟೆ. ವೃತ್ತಿಪರ ಸ್ಪರ್ಧಿಗಳು ಗಂಟೆಗೆ 1500 ಮೀಟರ್‌ಗೂ ಜಾಸ್ತಿ ಏರುತ್ತಾರೆ, ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. 8% ಏರಿನಲ್ಲಿ ಗಂಟೆಗೆ 600 ಮೀಟರ್ ಅಂದರೆ ವೇಗ 7.5 ಕಿಲೋಮೀಟರ್. ಮುಂದಿನ ಗೇರು ಚಕ್ರಕ್ಕೆ 34, ಹಿಂದಿನದಕ್ಕೆ 34 ಹಲ್ಲಿದ್ದರೆ ಆ ವೇಗಕ್ಕೆ ನಿಮಿಷಕ್ಕೆ 60 ಸಲ ಪೆಡಲ್ ತಿರುಗುತ್ತದೆ, ಆರಾಮ. ಹಿಂದೆ 28 ಇದ್ದರೆ 50ಕ್ಕೂ ಕೆಳಗೆ ಬೀಳುತ್ತದೆ. ಮೊದಲ ಗಂಟೆ ಏನೂ ಅನ್ನಿಸಲ್ಲ. ಮೂರನೇ ಗಂಟೆಯಲ್ಲಿ ಮಂಡಿ ಬಾಯಿ ಬಿಡುತ್ತದೆ. ಇಲ್ಲಿ ಸೈಕಲ್ ಬಾಡಿಗೆಗೆ ತಗೊಳ್ಳುವಾಗ ಮೊದಲು ಕೇಳಬೇಕಾದ್ದು ಕಾರ್ಬನ್ನಾ ಅಂತಲ್ಲ, ಹಿಂದಿನ ದೊಡ್ಡ ಗೇರು ಚಕ್ರಕ್ಕೆ ಹಲ್ಲು ಎಷ್ಟು ಅಂತ.

ಇನ್ನೊಂದನ್ನು ತಪ್ಪದೆ ಕೇಳಿ. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕು ಬಲಗೈಯಲ್ಲಿ. ಯುರೋಪಿನಲ್ಲಿ ಎಡಗೈಯಲ್ಲಿ. ಗಾಬರಿಯಲ್ಲಿ ಕೈ ತನ್ನ ಹಳೇ ಅಭ್ಯಾಸವನ್ನೇ ಮಾಡುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕನ್ನು ಅದಲು ಬದಲು ಮಾಡುವುದು ಅಂಗಡಿಯವರಿಗೆ ಕಿರಿಕಿರಿಯ ಕೆಲಸ, ಒಪ್ಪದೇ ಇರಬಹುದು. ಆಗ ಮೊದಲ ದಿನ ಊರೊಳಗೆ ಸುಮ್ನೆ ಅರ್ಧ ಗಂಟೆ ಓಡಾಡಿ ಬ್ರೇಕ್ ಹಿಡಿದು ಹಿಡಿದು ರೂಢಿ ಮಾಡಿಕೊಳ್ಳಿ. ರಸ್ತೆಯ ಬಲಗಡೆ ಓಡಿಸುವುದೂ ಅದರ ಜೊತೆಗೇ ರೂಢಿಯಾಗಲಿ.

ಎತ್ತರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಟೆಲ್ವಿಯೊ 2757 ಮೀಟರ್. ಟಾರು ಹಾಕಿದ ಪಾಸ್‌ಗಳಲ್ಲಿ ಇದಕ್ಕಿಂತ ಎತ್ತರದ್ದು ಆಲ್ಪ್ಸ್‌ನಲ್ಲಿ ಫ್ರಾನ್ಸಿನ ಇಸೆರಾನ್ ಒಂದೇ, ಅದೂ ಕೆಲವೇ ಮೀಟರ್ ಹೆಚ್ಚು. ಲಡಾಖಿನ ಖಾರ್ದುಂಗ್ ಲಾ 5300 ಮೀಟರ್ ದಾಟುತ್ತದೆ, ಅದರ ಮುಂದೆ ಇದೇನೂ ಅಲ್ಲ. ಇಲ್ಲಿ ಮೇಲೆ ಮಲಗುವುದೂ ಇಲ್ಲ, ಹತ್ತಿ ಇಳಿದುಬಿಡುತ್ತೀರಿ. ಕೊನೆಯ ಐದಾರು ಕಿಲೋಮೀಟರ್‌ನಲ್ಲಿ ಅದೇ ಶ್ರಮಕ್ಕೆ ವೇಗ ಕಡಿಮೆಯಾಗುತ್ತದೆ, ಉಸಿರು ಹೆಚ್ಚು ಬೇಕಾಗುತ್ತದೆ. ಗಾಳಿಯ ಒತ್ತಡ ಅಲ್ಲಿ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ. ಕೆಳಗೆ ಶಕ್ತಿ ಉಳಿಸಿಕೊಂಡರೆ ಸಾಕು.

ಊಟ ಅಂದರೆ, ಹೊಟ್ಟೆ ಹಸಿದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಹೋಗುತ್ತಿರಬೇಕು. ಜೆಲ್‌ಗಳಿಗೆ ದುಡ್ಡು ಸುರಿಯಬೇಡಿ. ಬೆಂಗಳೂರಿನಿಂದ ಕಡಲೆಕಾಯಿ ಚಿಕ್ಕಿಯನ್ನೂ ಖರ್ಜೂರವನ್ನೂ ತನ್ನಿ, ಜೇಬಿನಲ್ಲಿ ಕರಗುವುದಿಲ್ಲ. ನೀರು ಹಳ್ಳಿಗಳ ಕಲ್ಲಿನ ತೊಟ್ಟಿಗಳಲ್ಲಿ ಹರಿಯುತ್ತಿರುತ್ತದೆ, ಕುಡಿಯಬಹುದು. 'ಕೈನ್ ಟ್ರಿಂಕ್‌ವಾಸರ್' ಅಂತ ಬೋರ್ಡ್ ಇದ್ದರೆ, ಇಟಲಿಯಲ್ಲಿ 'ನೋನ್ ಪೊಟಾಬಿಲೆ' ಅಂತ ಇದ್ದರೆ ಮಾತ್ರ ಮುಟ್ಟಬೇಡಿ.

ಇನ್ನು ಇಳಿಯುವುದು. ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ನನ್ನ ಪ್ರಕಾರ ಆಲ್ಪ್ಸ್‌ನಲ್ಲಿ ನಿಜವಾಗಿ ಕಲಿಯಬೇಕಾದ್ದು ಇದನ್ನೇ.

ಪ್ರತಿ ಸಾವಿರ ಮೀಟರ್‌ಗೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಪ್ರಾಟೊದಲ್ಲಿ 28 ಡಿಗ್ರಿ ಇದ್ದರೆ ಪಾಸ್ ಮೇಲೆ 16. ಅದೇನು ಚಳಿ ಅಂತೀರಾ? ಮೂರು ಗಂಟೆ ಬೆವರಿ ಒದ್ದೆಯಾದ ಮೈಗೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಹೊಡೆಯುತ್ತದೆ. ಪೆಡಲ್ ಮಾಡುವುದಿಲ್ಲ, ಹಾಗಾಗಿ ಮೈ ಬಿಸಿಯಾಗುವ ದಾರಿಯೇ ಇಲ್ಲ. ಅದು ನಾಲ್ಕೈದು ನಿಮಿಷದ ಮಾತಲ್ಲ, ಮುಕ್ಕಾಲು ಗಂಟೆ. ಮೊದಲು ಹೋಗುವುದು ಬೆರಳು. ಬ್ರೇಕ್ ಹಿಡಿಯುವುದು ಅದೇ ಬೆರಳಲ್ವಾ?

1988ರಲ್ಲಿ, ಇಟಲಿ ಸುತ್ತುವ ಜಿರೊ ದಿತಾಲಿಯಾ ಸೈಕಲ್ ರೇಸಿನಲ್ಲಿ, ಜೂನ್ 5ರಂದು, ಸ್ಟೆಲ್ವಿಯೊ ಪಕ್ಕದ ಗಾವಿಯಾ ಪಾಸ್ ಮೇಲೆ ಹಿಮ ಸುರಿಯಿತು. ನೆದರ್ಲೆಂಡ್ಸ್‌ನ ಯೋಹಾನ್ ವಾನ್ ಡೆರ್ ವೆಲ್ಡೆ ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿದರು, ಅರ್ಧ ತೋಳಿನ ಜೆರ್ಸಿಯಲ್ಲಿ. ಇಳಿಯಲು ಶುರು ಮಾಡಿದವರಿಗೆ ಚಳಿ ತಡೆಯಲಾಗಲಿಲ್ಲ, ನಿಂತುಬಿಟ್ಟರು. ಕೊನೆಗೆ ಕೆಳಗಿನ ಬೊರ್ಮಿಯೊ ಊರು ಸೇರಿದ್ದು ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ. ಅಮೆರಿಕದ ಆಂಡಿ ಹ್ಯಾಂಪ್‌ಸ್ಟೆನ್ ತಂಡದವರು ಅಂದು ಬೆಳಿಗ್ಗೆಯೇ ಸ್ಕೀ ಅಂಗಡಿಯಿಂದ ದಪ್ಪ ಕೈಗವಸು, ಬಟ್ಟೆ ತಂದಿಟ್ಟುಕೊಂಡಿದ್ದರು. ಹ್ಯಾಂಪ್‌ಸ್ಟೆನ್ ಅಂದು ರೇಸಿನಲ್ಲಿ ಒಟ್ಟಾರೆ ಮುಂದಿರುವವರು ತೊಡುವ ಗುಲಾಬಿ ಜೆರ್ಸಿ ಪಡೆದರು, ಆ ವರ್ಷದ ಜಿರೊವನ್ನೂ ಗೆದ್ದರು. ಹತ್ತುವುದರಲ್ಲಿ ವಾನ್ ಡೆರ್ ವೆಲ್ಡೆ ಅವರದೇನೂ ಕಡಿಮೆ ಇರಲಿಲ್ಲ ನೋಡಿ.

ಹಾಗಾಗಿ ಜುಲೈ ಆದರೂ ಜೇಬಿನಲ್ಲಿ ಗಾಳಿ ತಡೆಯುವ ಜಾಕೆಟ್, ತೋಳಿನ ಕವಚ, ಪೂರ್ತಿ ಬೆರಳಿನ ಕೈಗವಸು ಇರಲೇಬೇಕು. ಸಾಧ್ಯವಾದರೆ ಒಳಗೆ ಹಾಕಲು ಒಂದು ಒಣ ಬನಿಯನ್. ಮೇಲೆ ಹೋದ ತಕ್ಷಣ ಫೋಟೋಗೆ ಓಡಬೇಡಿ. ಮೊದಲು ಬನಿಯನ್ ಬದಲಿಸಿ, ಆಮೇಲೆ ಬೋರ್ಡಿನ ಪಕ್ಕ ನಿಲ್ಲಿ. ಹಳೆಯ ಸ್ಪರ್ಧಿಗಳು ಪಾಸ್ ಮೇಲೆ ಅಭಿಮಾನಿಗಳಿಂದ ದಿನಪತ್ರಿಕೆ ಇಸಿದುಕೊಂಡು ಜೆರ್ಸಿಯೊಳಗೆ ಎದೆಗೆ ತುರುಕಿಕೊಳ್ಳುತ್ತಿದ್ದರು. ಈಗಲೂ ಅದು ಕೆಲಸ ಮಾಡುತ್ತದೆ.

ತಿರುವಿನಲ್ಲಿ ಬ್ರೇಕ್ ಹಾಕುವುದಲ್ಲ, ತಿರುವಿಗೆ ಮೊದಲೇ ಹಾಕಿ ಮುಗಿಸಬೇಕು. ಒಳಗಡೆಯ ಪೆಡಲ್ ಮೇಲಕ್ಕೆ ಎತ್ತಿರಲಿ, ಭಾರವೆಲ್ಲ ಹೊರಗಡೆಯ ಕಾಲಿನ ಮೇಲೆ. ಕಣ್ಣು ತಿರುವಿನ ಆಚೆ ತುದಿಯಲ್ಲಿ. ಬ್ರೇಕನ್ನು ಹಿಡಿದೇ ಇಳಿದರೆ ಕಾದುಹೋಗುತ್ತದೆ. ಜೋರಾಗಿ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ. 8% ಇಳಿಜಾರಿನ ನೇರ ರಸ್ತೆಯಲ್ಲಿ ಸುಮ್ನೆ ಬಿಟ್ಟರೆ ಸೈಕಲ್ 65 ಕಿಲೋಮೀಟರ್ ದಾಟುತ್ತದೆ. ಆ ವೇಗ ನಿಮಗೆ ಬೇಕಾಗಿಲ್ಲ. 2023ರ ಜೂನ್‌ನಲ್ಲಿ ಸ್ವಿಸ್ ಸ್ಪರ್ಧಿ ಜೀನೊ ಮೇಡರ್ ಟೂರ್ ದ ಸ್ವಿಸ್ ರೇಸಿನಲ್ಲಿ ಆಲ್ಬುಲಾ ಪಾಸ್ ಇಳಿಯುವಾಗ ಬಿದ್ದು ಮರುದಿನ ತೀರಿಕೊಂಡರು. ಜೀವಮಾನವೆಲ್ಲ ಇದನ್ನೇ ಮಾಡಿದವರು ಅವರು. ಪ್ರಯಾಣ ವಿಮೆಯಲ್ಲಿ ಸೈಕ್ಲಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯಾ ಅಂತ ಓದಿ ನೋಡಿ. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಹೆಲಿಕಾಪ್ಟರ್ ಕಳಿಸುವ ರೇಗಾ ಸಂಸ್ಥೆಯ ನಂಬರ್ 1414, ಇಲ್ಲಿನ ಎಲ್ಲ ದೇಶಕ್ಕೂ ಸಲ್ಲುವ ತುರ್ತು ನಂಬರ್ 112.

ಮಧ್ಯಾಹ್ನದ ಮೇಲೆ ಗುಡುಗು ಮಳೆ ಇಲ್ಲಿ ಬೇಸಿಗೆಯಲ್ಲಿ ಮಾಮೂಲು. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಒಂದೋ ಎರಡೋ ಹೊಡೆಯುವಷ್ಟರಲ್ಲಿ ಕೆಳಗಿರಿ. ಬೆಳಿಗ್ಗೆ ಹೊರಡಲು ಇನ್ನೊಂದು ಕಾರಣ ಮೋಟಾರ್‌ಸೈಕಲ್. ಹತ್ತು ಗಂಟೆಯ ಮೇಲೆ ಸ್ಟೆಲ್ವಿಯೊದಲ್ಲಿ ಅವುಗಳ ಸದ್ದಿಗೆ ಕಿವಿ ತೂತಾಗುತ್ತದೆ, ಭಾನುವಾರವಂತೂ ಕೇಳಲೇಬೇಡಿ. ಬೇಸಿಗೆಯ ಕೊನೆಯಲ್ಲಿ ಒಂದು ದಿನ ಮೋಟಾರು ಗಾಡಿಗಳಿಗೆ ರಸ್ತೆ ಮುಚ್ಚಿ ಸೈಕಲ್‌ಗಳಿಗೆ ಮಾತ್ರ ಬಿಡುತ್ತಾರೆ. ನಿಮ್ಮ ಜುಲೈಗೆ ಅದು ಸಿಗಲ್ಲ.

ಒಂದು ವಾರಕ್ಕೆ ಎರಡು ಊರು ಸಾಕು. ಮೊದಲು ಸ್ವಿಟ್ಜರ್ಲೆಂಡಿನ ಆಂಡರ್ಮಾಟ್. ಮೊದಲ ದಿನ ಒಬೆರಾಲ್ಪ್ ಪಾಸ್, 600 ಮೀಟರ್ ಏರು ಅಷ್ಟೇ, ನಂದಿಗಿಂತ ತುಸು ದೊಡ್ಡದು. ಪಕ್ಕದಲ್ಲೇ ಕೆಂಪು ರೈಲು ಬರುತ್ತದೆ. ಮೇಲೆ ಒಂದು ಕೆಂಪು ದೀಪಸ್ತಂಭ ನಿಲ್ಲಿಸಿದ್ದಾರೆ, ರೈನ್ ನದಿ ಅಲ್ಲೇ ಹತ್ತಿರ ಹುಟ್ಟುತ್ತದೆ ಅಂತ. ಎರಡು ಸಾವಿರ ಮೀಟರ್ ಎತ್ತರದಲ್ಲಿ ದೀಪಸ್ತಂಭ!

ಆಮೇಲೆ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್. ಈ ಮೂರನ್ನೂ ಒಂದೇ ದಿನ ಸುತ್ತುವುದು ಇಲ್ಲಿ ದೊಡ್ಡ ಫ್ಯಾಷನ್. ಸುಮಾರು 120 ಕಿಲೋಮೀಟರ್, 3500 ಮೀಟರ್ ಏರು. ನಿಮಗೆ ಬೇಡ ಅಂತೀನಿ. ಮೊದಲ ಎರಡು ಪಾಸ್ ಸಲೀಸು: ಫುರ್ಕಾ ಇಳಿದು ಗ್ಲೆಚ್ ಊರು ಮುಟ್ಟಿದರೆ ಗ್ರಿಮ್ಸೆಲ್‌ಗೆ ಬರೀ 400 ಮೀಟರ್ ಏರು. ಆದರೆ ಅಲ್ಲಿಂದ ಇನ್ನರ್ಟ್‌ಕಿರ್ಖೆನ್‌ಗೆ 1500 ಮೀಟರ್‌ಗೂ ಹೆಚ್ಚು ಇಳಿದುಬಿಡುತ್ತೀರಿ, ಸುಸ್ಟೆನ್‌ಗೆ ಮತ್ತೆ 1600 ಹತ್ತಬೇಕು. ರಾತ್ರಿ ಅಲ್ಲೇ ಉಳಿದು ಮರುದಿನ ಸುಸ್ಟೆನ್ ಹತ್ತಿ. ಕೊನೆಗೆ ಗೊಶೆನೆನ್‌ನಿಂದ ಆಂಡರ್ಮಾಟ್‌ಗೆ ರೈಲು ಹಿಡಿಯಿರಿ, ಆ ಕಮರಿಯ ರಸ್ತೆಯಲ್ಲಿ ವಾಹನ ಜಾಸ್ತಿ.

ಆದರೆ ಒಂದನ್ನೇ ಆರಿಸು ಅಂದರೆ ನಾನು ಇವ್ಯಾವುದನ್ನೂ ಹೇಳುವುದಿಲ್ಲ. ಐರೊಲೊ ಊರಿನಿಂದ ಗೊಟ್ಟಾರ್ಡ್ ಪಾಸ್‌ಗೆ ಹೋಗುವ ಹಳೆಯ ತ್ರೆಮೊಲಾ ರಸ್ತೆ. ಗ್ರಾನೈಟ್ ಕಲ್ಲು ಹಾಸಿದ 24 ತಿರುವು. ಕಾರುಗಳೆಲ್ಲ 1980ರಲ್ಲಿ ಆದ ಸುರಂಗಕ್ಕೋ ಮೇಲಿನ ಹೊಸ ರಸ್ತೆಗೋ ಹೋಗುತ್ತವೆ. ಇಲ್ಲಿ ನೀವು, ಮಾರ್ಮಟ್‌ಗಳ (ದೊಡ್ಡ ಅಳಿಲಿನಂಥ ಬೆಟ್ಟದ ಪ್ರಾಣಿ) ಶಿಳ್ಳೆ, ಆಗೊಂದು ಈಗೊಂದು ಸೈಕಲ್. ಟೈರು 28 ಮಿಲಿಮೀಟರ್‌ಗಿಂತ ಸಣ್ಣದಿರಬಾರದು. ಕಲ್ಲಿನ ಮೇಲೆ ಹತ್ತಿ, ಇಳಿಯುವುದು ಹೊಸ ರಸ್ತೆಯಲ್ಲಿ. ಸ್ಟೆಲ್ವಿಯೊಗೆ ಇರುವ ಹೆಸರು ಇದಕ್ಕಿಲ್ಲ, ಇಲ್ಲದಿರುವುದೇ ಒಳ್ಳೆಯದಾಯಿತು.

ಎರಡನೇ ಊರು ಇಟಲಿಯ ಬೊರ್ಮಿಯೊ. ಅಲ್ಲಿಂದ ಕಂಕಾನೊ ಕೆರೆಗಳ ದಾರಿ, ಗಾವಿಯಾ, ಕೊನೆಯಲ್ಲಿ ಸ್ಟೆಲ್ವಿಯೊ. ಬೊರ್ಮಿಯೊ ಕಡೆಯಿಂದ ಸುರಂಗಗಳಿವೆ, ಸೈಕಲ್‌ಗೆ ಹಿಂದೆ ಮುಂದೆ ಲೈಟ್ ಬೇಕು. ಹತ್ತಿರದಲ್ಲೇ ಇರುವ ಮೊರ್ತಿರೊಲೊ ಹೆಸರು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಮಾತ್ಸೊ ಊರಿನ ಕಡೆಯಿಂದ ಅದು 12 ಕಿಲೋಮೀಟರ್, ಸರಾಸರಿಯೇ 10% ಮೇಲೆ. ಅಲ್ಲಿ ಮಾತ್ರ ಗೋಡೆ ಅನ್ನುವ ಮಾತು ನಿಜ.

ನಿಮ್ಮ ಹೆಂಡತಿಗೆ: ಸ್ವಿಟ್ಜರ್ಲೆಂಡಿನ ಈ ಪಾಸ್‌ಗಳ ಮೇಲೆ ಬೇಸಿಗೆಯಲ್ಲಿ ಹಳದಿ ಅಂಚೆ ಬಸ್ಸುಗಳು ಓಡುತ್ತವೆ. ಮೂರು ಸ್ವರದ ಹಾರ್ನ್ ಕೇಳಿದರೆ ನೀವು ಬದಿಗೆ ಸರಿದುಕೊಳ್ಳಿ, ಅವರು ಕಿಟಕಿಯಿಂದ ಕೈ ಬೀಸುತ್ತಾರೆ. ದಪ್ಪ ಜಾಕೆಟ್ಟು, ಒಣ ಬಟ್ಟೆ ಅವರ ಬ್ಯಾಗಿನಲ್ಲಿ ಕಳಿಸಿದರೆ ನಿಮ್ಮ ಜೇಬೂ ಹಗುರ. ಫುರ್ಕಾ ಇಳಿಯುವಾಗ ರೋನ್ ಹಿಮನದಿ ಸಿಗುತ್ತದೆ, ಅದರೊಳಗೆ ಕೊರೆದ ಮಂಜಿನ ಗುಹೆ ಕರಗದಿರಲಿ ಅಂತ ಬಿಳಿ ಬಟ್ಟೆ ಹೊದಿಸಿರುತ್ತಾರೆ. ಅದನ್ನು ನೋಡಲು ಅಲ್ಲೇ ಇಳಿಯಬಹುದು. ಅವರಿಗೆ ಸಾಮಾನ್ಯ ಸೈಕಲ್ ಓಡಿಸಲು ಬರುತ್ತದೆ ಅಂದರೆ ಆಂಡರ್ಮಾಟ್‌ನಲ್ಲಿ ಇ-ಬೈಕ್ ಬಾಡಿಗೆಗೆ ಕೊಡಿಸಿ. ಒಬೆರಾಲ್ಪ್‌ಗೆ ಧಾರಾಳವಾಗಿ ಸಾಕು. ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ, ಅದಕ್ಕೆ ಮಾತ್ರ ಈಗಲೇ ತಯಾರಾಗಿ.