ಅರ್ಧಕ್ಕೇ ಬಿಟ್ಟುಹೋಗುವ ಗ್ರಾಹಕರು

ಪ್ರಶ್ನೆ: ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರಲು ವೆಬ್‌ಸೈಟ್ ಮಾಡಿಸಿದ್ದೇವೆ. ಆರ್ಡರ್ ಫಾರ್ಮ್ ತುಂಬಲು ಶುರು ಮಾಡಿದವರು ಅರ್ಧಕ್ಕೇ ಬಿಟ್ಟು, ಫೋನ್ ಮಾಡುತ್ತಾರೆ. ಎಲ್ಲಿ ಎಡವಟ್ಟಾಗಿದೆ? ಫಾರ್ಮಿನ ಚಿತ್ರ ಕಳಿಸಿದ್ದೇವೆ.
– ಓದುಗರೊಬ್ಬರು, ಸಾಗರ

ಉತ್ತರ: ಮೊದಲು ‘ಕೊನೆಯ ಹೆಸರು ಕಡ್ಡಾಯ’ ಎಂಬ ಖಾನೆ ತೆಗೆಸಿ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಒಂದು ಹೆಸರು, ಜೊತೆಗೆ ಒಂದೋ ಎರಡೋ ಇನಿಷಿಯಲ್. ‘ಕೆ.’ ಎಂದು ಹಾಕಿದರೆ ಇಂಥ ಖಾನೆಗಳು ಕನಿಷ್ಠ ಎರಡಕ್ಷರ ಬೇಕು, ಚುಕ್ಕೆ ಬೇಡ ಎಂದು ತಕರಾರು ತೆಗೆಯುತ್ತವೆ. ಪಾರ್ಸೆಲ್ ಕಳಿಸಲು ‘ಹೆಸರು’ ಎಂಬ ಒಂದೇ ಖಾನೆ ಸಾಕು. ಪಾಸ್‌ವರ್ಡ್ ಇಟ್ಟು ಖಾತೆ ತೆರೆಯಿರಿ ಎನ್ನುವುದೂ ಬೇಡ. ಎರಡು ಪ್ಯಾಕೆಟ್ ಹಪ್ಪಳಕ್ಕೆ ಖಾತೆ ಯಾಕೆ?

ಮೊಬೈಲ್ ನಂಬರಿನ ಕಾಟ ಇನ್ನೊಂದು. ಕಾಪಿ ಮಾಡಿ ಹಾಕಿದ ನಂಬರಿನಲ್ಲಿ +91 ಇರುತ್ತದೆ, ನಡುವೆ ಸ್ಪೇಸ್ ಇರುತ್ತದೆ. ಅದನ್ನು ‘ತಪ್ಪು’ ಎನ್ನುವ ಬದಲು ಸ್ಪೇಸ್, ಅಡ್ಡಗೆರೆ, ಪ್ಲಸ್ ಚಿಹ್ನೆ, ಮೊದಲಿನ ಸೊನ್ನೆಗಳನ್ನು ಕೋಡ್‌ನಲ್ಲೇ ತೆಗೆದು, ಉಳಿದದ್ದು 10 ಅಂಕಿ ಇದೆಯೇ ಎಂದು ನೋಡಲು ಡೆವಲಪರ್‌ಗೆ ಹೇಳಿ. ಒಂದು ಎಚ್ಚರಿಕೆ: 91ರಿಂದಲೇ ಶುರುವಾಗುವ ಹತ್ತಂಕಿಯ ನಂಬರುಗಳೂ ಇವೆ. ಒಟ್ಟು 12 ಅಂಕಿ ಇದ್ದಾಗ ಮಾತ್ರ ಮುಂದಿನ 91 ತೆಗೆಯಬೇಕು. ಈ ಖಾನೆ ಮುಟ್ಟಿದಾಗ ಅಂಕಿಗಳ ಕೀಪ್ಯಾಡ್ ತಾನಾಗಿ ಬರಲಿ. ಖಾನೆಗಳ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ, ಮುಟ್ಟಿದ ತಕ್ಷಣ ಪುಟವನ್ನೇ ಹಿಗ್ಗಿಸಿಬಿಡುತ್ತದೆ, ಬಲಬದಿಯದು ಪರದೆಯಾಚೆ ಹೋಗುತ್ತದೆ.

ಜನರಿಗೆ ನಿಜಕ್ಕೂ ಸಿಟ್ಟು ಬರುವುದು ಪಿನ್‌ಕೋಡಿನಲ್ಲಿ ಒಂದಂಕಿ ಬಿಟ್ಟುಹೋದದ್ದಕ್ಕೆ ಇಡೀ ಫಾರ್ಮ್ ಖಾಲಿಯಾದಾಗ. ತುಂಬಿದ್ದೆಲ್ಲ ಹಾಗೇ ಉಳಿಯಬೇಕು. ತಪ್ಪಾದ ಖಾನೆಯ ಕೆಳಗೇ ‘ಪಿನ್‌ಕೋಡ್‌ಗೆ 6 ಅಂಕಿ ಬೇಕು, ಇಲ್ಲಿ 5 ಇದೆ’ ಎಂದು ಬರಬೇಕು. ಮೇಲ್ಗಡೆ ಕೆಂಪಕ್ಷರದಲ್ಲಿ ‘ಅಮಾನ್ಯ ಮಾಹಿತಿ’ ಎಂದರೆ ಯಾರಿಗೂ ಏನೂ ತಿಳಿಯದು. ಕೊರಿಯರ್ ಖರ್ಚನ್ನು ಕೊನೆಯ ಪುಟದಲ್ಲಿ ಸೇರಿಸಬೇಡಿ, ವಿಳಾಸ ಕೇಳುವ ಮೊದಲೇ ತಿಳಿಸಿ.

ಪ್ರಶ್ನೆ: ನಮ್ಮ ಸಂಘದ ಹಳೆಯ ಕನ್ನಡ ಪುಟಗಳು ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಅವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಂಥ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿರಬೇಕು. ಒಳಗಿರುವುದು ಇಂಗ್ಲಿಷ್ ಸಂಕೇತಗಳೇ; ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ, ಅಂದರೆ ಕನ್ನಡಕ್ಕೆ ಅದರದೇ ಸಂಕೇತಗಳಿರುವ ಪದ್ಧತಿಗೆ, ಬದಲಿಸಿ. ಆಮೇಲೆ ಒಬ್ಬರು ಕೂತು ಓದಲೇಬೇಕು: ಅರ್ಕಾವತ್ತು ಜಾಗ ತಪ್ಪಿರಬಹುದು, ನಡುವಿನ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಕನ್ನಡಾಕ್ಷರಗಳಾಗಿ ಕೆಟ್ಟಿರಬಹುದು. ಪಠ್ಯವನ್ನು ಚಿತ್ರ ಮಾಡಿ ಹಾಕುವ ಸುಲಭದ ದಾರಿ ಬೇಡ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುವುದು ಕಷ್ಟ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇಡಿಸಿ. ಇಂಗ್ಲಿಷಿಗೆ ಹೊಂದಿಸಿದ 1.2ರಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ.

ಪ್ರಶ್ನೆ: ವೆಬ್‌ಪುಟ ಓದುತ್ತಿರುವಾಗ ಸಾಲುಗಳು ಇದ್ದಕ್ಕಿದ್ದಂತೆ ಕೆಳಗೆ ಜಾರುವುದೇಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ಚಿತ್ರ, ಜಾಹೀರಾತುಗಳು ತಡವಾಗಿ ಬಂದು ಜಾಗ ಕೇಳುವುದರಿಂದ. ಪ್ರತಿ ಚಿತ್ರದ ಅಗಲ, ಎತ್ತರಗಳನ್ನು ಕೋಡ್‌ನಲ್ಲಿ ಬರೆದಿಟ್ಟರೆ ಬ್ರೌಸರ್ ಮೊದಲೇ ಅಷ್ಟು ಜಾಗ ಬಿಟ್ಟಿರುತ್ತದೆ. ಜಾಹೀರಾತಿನ ಚೌಕಕ್ಕೂ ಕನಿಷ್ಠ ಎತ್ತರ ಕೊಡಿ.